ದೂರದೂರಿನ ಬಾಡಿಗೆ ಮನೆ

ಪರ ಊರಿನಲ್ಲಿ ಬಾಡಿಗೆ ಕಟ್ಟಿ ಬದುಕಿದವರು ನಾವು, ಕುಂದಾಪುರದ ಕಡೆಯವರು. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹೋಟೆಲು ಮುಂದೆ ಎಂ.ಟಿ.ಆರ್. ಆಯಿತು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಎಷ್ಟೋ ಹುಡುಗರು ಮುಂಬೈಯ ಫೋರ್ಟಿನಲ್ಲಿ, ಮಾಟುಂಗದಲ್ಲಿ ಹಗಲು ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತರು. ಮಲಗಲು ಹೋಟೆಲಿನ ಅಟ್ಟ, ಸಂಸಾರವಾದ ಮೇಲೆ ಚಾಳಿನ ಒಂದು ಖೋಲಿ. ಅವರ ಮಕ್ಕಳ ಕೈಯಲ್ಲಿ ಈಗ ನಾಲ್ಕು ಕಾಸಿದೆ. ಒಬ್ಬರಿಗೆ ಹೋಟೆಲಿನ ಪಾಲು ಬಿಟ್ಟುಕೊಟ್ಟ ದುಡ್ಡು, ಇನ್ನೊಬ್ಬರಿಗೆ ಕುವೈತ್, ದುಬೈಯ ಉಳಿತಾಯ, ಮತ್ತೊಬ್ಬರಿಗೆ ಬ್ಯಾಂಕಿನಿಂದ ನಿವೃತ್ತರಾದಾಗ ಬಂದ ಗ್ರಾಚ್ಯುಯಿಟಿ. ಮದುವೆ ಊಟದ ಪಂಕ್ತಿಯಲ್ಲಿ ಕುಳಿತರೂ ಪಕ್ಕದವರ ಪ್ರಶ್ನೆ ಒಂದೇ: "ಹ್ವಾಯ್, ಬೊಂಬಾಯಂಗೆ ಒಂದ್ ರೂಂ ತಕಂಡ್ರೆ ಹ್ಯಾಂಗೆ?" ಬೊಂಬಾಯಿಯ ಜಾಗದಲ್ಲಿ ಪುಣೆ, ಗೋವಾ, ಹೊಸೂರು, ಹೈದರಾಬಾದ್ ಯಾವುದಾದರೂ ಇರಬಹುದು. ತಾವು ವಾಸವಿರಲಿಕ್ಕಲ್ಲ, ಬಾಡಿಗೆಗೆ ಕೊಡಲಿಕ್ಕೆ. ಅದೂ ಮೊದಲ ಸಲ, ಬೇರೆ ರಾಜ್ಯದಲ್ಲಿ.

ಈ ಪ್ರಶ್ನೆಗೆ ಉತ್ತರ ಹೇಳುವವರು ಸಾಮಾನ್ಯವಾಗಿ ದರದ ಮಾತಾಡುತ್ತಾರೆ: ಅಲ್ಲಿ ಚದರಡಿಗೆ ಎಷ್ಟಿತ್ತು, ಎಷ್ಟಾಯಿತು, ಮೆಟ್ರೊ ಬಂದರೆ ಎಷ್ಟಾಗುತ್ತದೆ. ನನಗೆ ಅದಕ್ಕಿಂತ ಮೊದಲು ನೆನಪಾಗುವುದು ನಮ್ಮದೇ ಗದ್ದೆಗಳ ಚರಿತ್ರೆ. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಒಕ್ಕಲುತನ ನಡೆದಿತ್ತು. ಮೂಲಗೇಣಿದಾರನನ್ನು ಏಳಿಸುವಂತಿರಲಿಲ್ಲ, ಚಾಲಗೇಣಿಯವನ ಬದುಕು ಧಣಿಯ ಮರ್ಜಿಯಲ್ಲಿತ್ತು. ಎಷ್ಟೋ ಧಣಿಗಳಿಗೆ ಗದ್ದೆಯ ಸಂಬಂಧವೆಂದರೆ ಸುಗ್ಗಿಯಲ್ಲಿ ಅಂಗಳಕ್ಕೆ ಬಂದು ಬೀಳುವ ಅಕ್ಕಿ ಮುಡಿ ಅಷ್ಟೇ. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಂದು, ಗೇಣಿಯಲ್ಲಿದ್ದ ಭೂಮಿ ಸರ್ಕಾರದ ವಶಕ್ಕೆ ಬಂತು. ಉಳುವವರು ಡಿಕ್ಲರೇಶನ್ ಕೊಟ್ಟು ಒಡೆಯರಾದರು. ಅದು ಆಗಬೇಕಾದ ನ್ಯಾಯವೇ ಆಗಿತ್ತು. ಆದರೆ ಭೂಮಿ ಕಳೆದುಕೊಂಡ ಮನೆಗಳಲ್ಲಿ ಒಂದು ಭಯ ಉಳಿಯಿತು: ಬೇರೆಯವರ ಕೈಗೆ ಕೊಟ್ಟರೆ ಹೋಯಿತು ಎಂಬ ಭಯ. ಮುಂಬೈಯವರು ಊರಲ್ಲಿ ಕಟ್ಟಿಸಿದ ಮನೆಗಳು ಇವತ್ತಿಗೂ ಬೀಗ ಹಾಕಿಕೊಂಡು ಗೆದ್ದಲು ಹಿಡಿಯುತ್ತಿರುವುದಕ್ಕೆ ಆ ಭಯವೂ ಒಂದು ಕಾರಣ. ಈ ಚರಿತ್ರೆಯಿಂದ ನನಗೆ ತಿಳಿಯುವುದಿಷ್ಟು: ದೂರದಲ್ಲಿ ಕೂತ ಒಡೆಯನ ಹಕ್ಕು ಆ ನೆಲದ ಕಾನೂನು ಎಷ್ಟು ಎತ್ತಿಹಿಡಿಯುತ್ತದೋ ಅಷ್ಟು ಮಾತ್ರ ಗಟ್ಟಿ, ಮತ್ತು ಒಳಗೆ ಬದುಕುವವರನ್ನು ಅರಿಯದ ಒಡೆತನ ಹೆಚ್ಚು ದಿನ ಬಾಳದು. ಆದ್ದರಿಂದ ಊರು ಆರಿಸುವಾಗ ಮೊದಲು ನೋಡಬೇಕಾದದ್ದು ಎರಡು. ಅಲ್ಲಿ ಬಾಡಿಗೆ ಕಟ್ಟುವವರು ಯಾರು? ಅವರಿಗೂ ನಮಗೂ ನಡುವೆ ಇರುವ ಕಾನೂನು ಯಾವುದು?

ಮುಂಬೈಯಲ್ಲಿ ಈ ಕಾನೂನೇ ನಗರದ ರೂಪ ಬದಲಿಸಿತು. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರಂದು ಇದ್ದ ಮಟ್ಟಕ್ಕೆ ಕಟ್ಟಿಹಾಕಿತು. ನಮ್ಮ ಹಿರಿಯರಿಗೆ ಅದು ಆಸರೆಯಾಯಿತು. ಪಗಡಿ ಕೊಟ್ಟು ಒಳಹೊಕ್ಕವರು ಅತ್ಯಲ್ಪ ಬಾಡಿಗೆಗೆ ತಲೆಮಾರು ಕಳೆದರು. ಮಾಲೀಕರು ಮಾತ್ರ ಕಟ್ಟಡ ರಿಪೇರಿ ಮಾಡಿಸುವುದನ್ನೇ ಬಿಟ್ಟರು, ಚಾಳುಗಳು ಸೋರಿದವು, ಕೆಲವು ಕುಸಿದವು. ಆ ಕಾಯಿದೆಯ ಜಾಗಕ್ಕೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ 2000ದ ಮಾರ್ಚ್ 31ರಿಂದ ಜಾರಿಗೆ ಬಂತು. ಇವತ್ತು ಅಲ್ಲಿ ಫ್ಲ್ಯಾಟು ಕೊಡುವುದು ಹೆಚ್ಚಾಗಿ ಲೀವ್ ಅಂಡ್ ಲೈಸೆನ್ಸ್, ಅಂದರೆ ಗೊತ್ತಾದ ಅವಧಿಗೆ ವಾಸದ ಅನುಮತಿ ಮಾತ್ರ ಕೊಡುವ ಕರಾರಿನಲ್ಲಿ. ನಮ್ಮವರು ಎಡವುವುದು ಇಲ್ಲಿಯೇ. ಕುಂದಾಪುರದಲ್ಲಿ ಹನ್ನೊಂದು ತಿಂಗಳಿಗೆ ಸ್ಟಾಂಪ್ ಪೇಪರಿನಲ್ಲಿ ಬರೆಸಿ, ನೋಟರಿ ಮಾಡಿಸಿ ಮುಗಿಸುವ ಅಭ್ಯಾಸ. ಒಂದು ವರ್ಷ ಮೀರಿದರೆ ನೋಂದಣಿ ಬೇಕಾಗುತ್ತದೆಂದು ಹುಟ್ಟಿದ ರೂಢಿ ಅದು. ಮಹಾರಾಷ್ಟ್ರದಲ್ಲಿ ಹನ್ನೊಂದು ತಿಂಗಳ ಕರಾರಿಗೂ ನೋಂದಣಿ ಕಡ್ಡಾಯ. ಮಾಡಿಸುವ ಹೊಣೆ ಮಾಲೀಕನದು. ಮಾಡಿಸದೆ ಜಗಳ ಬಂದರೆ, ಸುಳ್ಳೆಂದು ರುಜುವಾತಾಗುವ ತನಕ ಬಾಡಿಗೆದಾರ ಹೇಳಿದ ಷರತ್ತೇ ನಿಜವೆಂದು ಕಾನೂನು ಹಿಡಿಯುತ್ತದೆ. ನೋಂದಾಯಿಸಿದ್ದರೆ ಅದೇ ಕಾನೂನು ಮಾಲೀಕನ ಪರ ನಿಲ್ಲುತ್ತದೆ: ಅವಧಿ ಮುಗಿದೂ ಬಿಡದವರನ್ನು ತೆರವುಗೊಳಿಸಲು ಪ್ರತ್ಯೇಕ ಪ್ರಾಧಿಕಾರವಿದೆ, ಹಾಗೆ ಅವಧಿ ಮೀರಿ ಉಳಿದುಕೊಂಡ ದಿನಗಳಿಗೆ ಎರಡು ಪಟ್ಟು ಶುಲ್ಕ. ತಮಿಳುನಾಡಿನಲ್ಲಿ 2019ರಿಂದ ಬೇರೆಯೇ ಕ್ರಮ. ಕರಾರು ಬರಹದಲ್ಲಿರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ದಾಖಲಾಗಬೇಕು. 2021ರಲ್ಲಿ ಕೇಂದ್ರ ಒಂದು ಮಾದರಿ ಕಾಯಿದೆ ಕಳಿಸಿತು, ಆದರೆ ಒಪ್ಪುವುದು ಬಿಡುವುದು ರಾಜ್ಯಗಳಿಗೆ ಸೇರಿದ್ದು. ಬೇರೆ ರಾಜ್ಯದಲ್ಲಿ ಮನೆ ಕೊಳ್ಳುವವರು ಮನೆಯ ಜೊತೆ ಅಲ್ಲಿಯ ಕಾನೂನನ್ನೂ ಕೊಂಡಂತೆ.

ಕಾಗದಪತ್ರದ ವಿಷಯವೂ ಹಾಗೆಯೇ. ಪಂಚಾಯತಿಯ ನೈನ್ ಇಲೆವೆನ್ (9 ಮತ್ತು 11ನೇ ನಮೂನೆ) ಆಗದ ಜಾಗಕ್ಕೆ ನಮ್ಮವರು ಒಂದು ರೂಪಾಯಿ ಮುಂಗಡ ಕೊಡುವುದಿಲ್ಲ. ಕನ್ವರ್ಶನ್, ಪಹಣಿ, ನಕ್ಷೆ ಎಲ್ಲ ಬಾಯಿಪಾಠ. ಅದೇ ಜನ ಮುಂಬೈ ಬದಿಯ ಡೊಂಬಿವಲಿಯಲ್ಲಿ ಮಾದರಿ ಫ್ಲ್ಯಾಟಿನ ಟೈಲ್ಸು ನೋಡಿ ಚೆಕ್ಕು ಬರೆಯುತ್ತಾರೆ. ಅಲ್ಲಿ ಕೇಳಬೇಕಾದದ್ದು ಇಂಡೆಕ್ಸ್ ಟು (ನೋಂದಣಿಯ ಸಾರ), ಸೊಸೈಟಿಯ ಶೇರ್ ಸರ್ಟಿಫಿಕೇಟು, ಓಸಿ (ವಾಸಯೋಗ್ಯ ಪ್ರಮಾಣಪತ್ರ). ತಮಿಳುನಾಡಿನ ಹೊಸೂರಿನಲ್ಲಿ ಪಟ್ಟಾ ಮತ್ತು ನಕ್ಷೆಗೆ ಸಿಕ್ಕ ಅನುಮೋದನೆ. ಹೈದರಾಬಾದಿನಲ್ಲಿ ಕೆರೆಯ ಗಡಿ ಎಲ್ಲಿದೆ ಎಂಬುದು. 2024ರಲ್ಲಿ ಹೈಡ್ರಾ ಎಂಬ ಸಂಸ್ಥೆ ಹುಟ್ಟಿದ ಮೇಲೆ ಕೆರೆ ಒತ್ತುವರಿಯೆಂದು ಬುಲ್ಡೋಜರ್ ಬಂದು ನಿಂತ ಕಟ್ಟಡಗಳನ್ನು ಎಲ್ಲರೂ ಟಿ.ವಿ.ಯಲ್ಲಿ ಕಂಡಿದ್ದಾರೆ.

ಇನ್ನು ಬಾಡಿಗೆ ಕಟ್ಟುವವರು. ಒಂದೇ ಅನ್ನದ ಬಟ್ಟಲನ್ನು ನಂಬಿದ ಊರಿನಲ್ಲಿ ಮೊದಲ ಮನೆ ಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇದಕ್ಕೆ ದೂರದ ಸಾಕ್ಷಿ ಬೇಡ. ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಸುತ್ತಲಿನ ಅಂಗಡಿ, ಮನೆಗಳಿಗೆ ಅದರದೇ ಕಳೆಯಿತ್ತು; ಯಂತ್ರ ನಿಂತು ಸುಮಾರು ಎರಡು ದಶಕವಾಯಿತು, ಆ ಕಳೆಯೂ ಹೋಯಿತು. ಕುಂದಾಪುರದ ಹಲವು ಹಂಚಿನ ಕಾರ್ಖಾನೆಗಳ ಚಿಮಣಿ ಆರಿದ ಮೇಲೂ ಹಾಗೆಯೇ ಆಯಿತು. 2020ರಲ್ಲಿ ವಿದ್ಯಾರ್ಥಿಗಳು ಊರಿಗೆ ಹೋದದ್ದೇ ತಡ, ಮಣಿಪಾಲದ ಅಪಾರ್ಟ್‌ಮೆಂಟುಗಳು ಖಾಲಿಯಾದದ್ದನ್ನು ಕಣ್ಣಾರೆ ಕಂಡಿದ್ದೇವೆ. ಮಣಿಪಾಲ ಮತ್ತೆ ತುಂಬಿತು. ರಾಜಸ್ಥಾನದ ಕೋಟಾದಲ್ಲಿ ಕೋಚಿಂಗ್ ವಿದ್ಯಾರ್ಥಿಗಳನ್ನೇ ನಂಬಿ, ಸಾಲ ಮಾಡಿ ಎದ್ದ ಹಾಸ್ಟೆಲುಗಳು ಮಾತ್ರ ಈಚಿನ ವರ್ಷಗಳಲ್ಲಿ ಮಕ್ಕಳಿಲ್ಲದೆ ಬಾಡಿಗೆ ಇಳಿಸುತ್ತಿವೆ. ಮೋಟಾರು ಕಾರನ್ನೇ ನಂಬಿದ್ದ ಅಮೆರಿಕದ ಡೆಟ್ರಾಯಿಟ್ 2013ರಲ್ಲಿ ದಿವಾಳಿ ಅರ್ಜಿ ಹಾಕಿತು. ಮನೆ ಅಗ್ಗವೆಂದು ನೋಡದೆಯೇ ಕೊಂಡ ಪರ ಊರಿನವರಿಗೆ ಪಾಳು ಗೋಡೆಯೂ ತೆರಿಗೆ ಬಾಕಿಯೂ ಸಿಕ್ಕವು.

ಈ ಕಣ್ಣಿನಿಂದ ನೋಡಿದರೆ ಗೋವಾ ನನಗೆ ಅಷ್ಟು ಒಪ್ಪಿಗೆಯಾಗುವುದಿಲ್ಲ. ಹತ್ತಿರ, ನಿಜ, ಕುಂದಾಪುರದಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಮಡಗಾಂವ್. ಆದರೆ ಕಡಲ ಬದಿಯ ಫ್ಲ್ಯಾಟಿನ ಲೆಕ್ಕ ನಿಂತಿರುವುದು ಪ್ರವಾಸಿಗರ ಮೇಲೆ. ಅವರಿಗೆ ಕೊಡಲು ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು, ದಿನದಿನದ ಚೊಕ್ಕಟಕ್ಕೆ ಜನ ಬೇಕು, ಮಳೆಗಾಲ ಖಾಲಿ. ಅದು ಬಾಡಿಗೆ ಮನೆಯಲ್ಲ, ಲಾಡ್ಜು ನಡೆಸುವ ಕೆಲಸ. ಹೊಸೂರಿಗೆ ಟೈಟನ್, ಟಿ.ವಿ.ಎಸ್., ಅಶೋಕ್ ಲೇಲ್ಯಾಂಡ್‌ಗಳ ನೌಕರವರ್ಗವಿದೆ, ಬೆಂಗಳೂರಿನ ನೆರಳಿದೆ, ಕನ್ನಡ ಬಲ್ಲವರಿದ್ದಾರೆ. ಬೆಂಗಳೂರಿನಲ್ಲಿ ಮಗಳೋ ಅಳಿಯನೋ ಇರುವವರಿಗೆ ಯೋಗ್ಯ ಜಾಗ. ಮುಂಬೈ ಬದಿಯ ಪನ್ವೇಲದ ಸುತ್ತ ಹೊಸ ವಿಮಾನ ನಿಲ್ದಾಣದ ಹೆಸರಲ್ಲಿ ಕೊಂಡವರ ಕಥೆಯನ್ನು ಮರೆಯಬಾರದು. 2018ರಲ್ಲಿ ಶಂಕುಸ್ಥಾಪನೆ, 2019ಕ್ಕೇ ವಿಮಾನ ಎಂದಿದ್ದರು. ಉದ್ಘಾಟನೆಯಾದದ್ದು 2025ರ ಅಕ್ಟೋಬರಿನಲ್ಲಿ. ಅಷ್ಟು ವರ್ಷ ಕಂತು ಕಟ್ಟಿದವರಿಗೆ ವಿಮಾನ ನಿಲ್ದಾಣವನ್ನು ನಂಬಿ ಎಣಿಸಿದ್ದ ಬಾಡಿಗೆದಾರರು ಇನ್ನೂ ಬಂದಿರಲಿಲ್ಲ. ಮುಂದೆ ಬರಲಿರುವ ರಸ್ತೆಗಿಂತ ಈಗಾಗಲೇ ಜನ ನಡೆದಾಡುತ್ತಿರುವ ರಸ್ತೆ ಮೇಲು. ನನ್ನನ್ನು ಕೇಳಿದರೆ ಠಾಣೆ, ಡೊಂಬಿವಲಿ, ಕಲ್ಯಾಣದ ಕಡೆ ಲೋಕಲ್ ರೈಲಿನ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದಲ್ಲಿ, ಸೊಸೈಟಿ ಆಗಿ ಹತ್ತು ವರ್ಷ ಕಳೆದ ಕಟ್ಟಡದಲ್ಲಿ ಒಂದು ಬೆಡ್‌ರೂಮಿನ ಮನೆ ಎನ್ನುತ್ತೇನೆ. ಅಲ್ಲಿ ಬ್ಯಾಂಕಿನವರು, ನರ್ಸು, ಅಂಗಡಿ ನೌಕರ, ಸರ್ಕಾರಿ ಗುಮಾಸ್ತ ಎಲ್ಲರೂ ಬಾಡಿಗೆಗೆ ಬರುತ್ತಾರೆ. ಒಂದು ಉದ್ಯೋಗ ಬಿದ್ದರೆ ಇನ್ನೊಂದು ಇದೆ.

ಹಾಗೆಂದು ಅಲ್ಲಿ ಹೊನ್ನಿನ ಮಳೆ ಸುರಿಯುವುದಿಲ್ಲ. ಒಂದು ಲೆಕ್ಕ ಹಾಕೋಣ. ಮನೆಗೆ 60 ಲಕ್ಷ. ಮುದ್ರಾಂಕ, ನೋಂದಣಿ, ದಲ್ಲಾಳಿ ಸೇರಿ ಕೈಯಿಂದ ಹೋದದ್ದು 65 ಲಕ್ಷ ಎಂದಿಟ್ಟುಕೊಳ್ಳಿ. ಬಾಡಿಗೆ ತಿಂಗಳಿಗೆ 16,000. ಒಬ್ಬರು ಬಿಟ್ಟು ಇನ್ನೊಬ್ಬರು ಬರುವಾಗ ಒಂದು ತಿಂಗಳು ಖಾಲಿ, ಆದ್ದರಿಂದ ವರ್ಷಕ್ಕೆ 1,76,000. ಸೊಸೈಟಿಯ ಮೇಂಟೆನೆನ್ಸ್ ತಿಂಗಳಿಗೆ 3,000ದಂತೆ 36,000 ಹೋಯಿತು. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ 16,000. ಬಣ್ಣ, ನಲ್ಲಿ, ಗೀಸರ್ ಎಂದು 15,000. ಮನೆ ತೆರಿಗೆ 6,000. ಉಳಿದದ್ದು 1,03,000, ನೂರಕ್ಕೆ ಒಂದೂವರೆ ರೂಪಾಯಿಗಿಂತ ಸ್ವಲ್ಪ ಹೆಚ್ಚು. ಮಾಲೀಕರೇ ವಾಸವಿಲ್ಲದ ಫ್ಲ್ಯಾಟಿಗೆ ಅಲ್ಲಿಯ ಸೊಸೈಟಿಗಳು ಬೇರೆ ಶುಲ್ಕವನ್ನೂ ಹಾಕುತ್ತವೆ. ಅದು ಸೇವಾ ಶುಲ್ಕದ ಶೇ. 10ನ್ನು ಮೀರಬಾರದೆಂದು 2001ರ ಸರ್ಕಾರಿ ಆದೇಶವಿದೆ, ಹೆಚ್ಚು ಕೇಳಿದರೆ ತೋರಿಸಿ. 40 ಲಕ್ಷ ಸಾಲ ಮಾಡಿದ್ದರೆ, ಶೇ. 8.5ರ ದರದಲ್ಲಿ ಮೊದಲ ವರ್ಷದ ಬಡ್ಡಿಯೇ 3 ಲಕ್ಷ 40 ಸಾವಿರದ ಹತ್ತಿರ. ಬಾಡಿಗೆಯಿಂದ ಕಂತು ತೀರುತ್ತದೆ ಎಂಬ ಮಾತನ್ನು ನಂಬಿ ನಿವೃತ್ತಿಯ ಹಣಕ್ಕೆ ಸಾಲ ಕೂಡಿಸಬೇಡಿ ಎಂದು ನಾನು ಕೈಮುಗಿದು ಹೇಳುವುದು ಇದಕ್ಕಾಗಿ. ಸಾಲವಿಲ್ಲದೆ, ಹದಿನೈದು ವರ್ಷ ಮಾರುವ ಅವಸರವಿಲ್ಲದೆ ಕೊಳ್ಳುವವರಿಗೆ ಮಾತ್ರ ಈ ದಾರಿ.

ಪರದೇಶದಲ್ಲಿರುವ ಮಕ್ಕಳ ಹೆಸರಲ್ಲಿ ಕೊಳ್ಳುವವರು ಇನ್ನೊಂದು ತಿಳಿದಿರಬೇಕು. ಮಾಲೀಕ ಅನಿವಾಸಿಯಾದರೆ, ಬಾಡಿಗೆ ಎಷ್ಟೇ ಕಡಿಮೆಯಿರಲಿ, ಬಾಡಿಗೆದಾರನೇ ಅದರಲ್ಲಿ ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟಬೇಕು, ದರ ಶೇ. 30ರ ಮೇಲೆ. ಹದಿನಾರು ಸಾವಿರ ಕೊಡುವ ನರ್ಸಮ್ಮ ಈ ತಾಪತ್ರಯ ಯಾಕೆಂದು ಪಕ್ಕದ ಮನೆ ನೋಡುತ್ತಾಳೆ. ಊರಲ್ಲಿರುವ ತಂದೆ ತಾಯಿ ತಮ್ಮದೇ ಹಣದಲ್ಲಿ, ತಮ್ಮದೇ ಹೆಸರಲ್ಲಿ ಕೊಂಡರೆ ಈ ತೊಡಕಿಲ್ಲ.

ಕೊನೆಗೆ, ನಲ್ಲಿ ಸೋರಿದಾಗ ಬಾಗಿಲು ತಟ್ಟುವವರು ಯಾರು? ನಮ್ಮವರಿಗೆ ಎಲ್ಲ ಊರಲ್ಲೂ ಭಾವನೋ ದೊಡ್ಡಪ್ಪನ ಮಗನೋ ಇರುತ್ತಾರೆ. ಅವರ ಉಪಕಾರವನ್ನು ವರ್ಷಗಟ್ಟಲೆ ಪುಕ್ಕಟೆ ಪಡೆದರೆ ಮನೆಯೂ ಕೆಡುತ್ತದೆ, ನಂಟೂ ಕೆಡುತ್ತದೆ. ತಿಂಗಳಿಗೆ ಇಷ್ಟೆಂದು ಗೊತ್ತುಮಾಡಿ ಕೊಡಿ, ಅವರು ಬೇಡವೆಂದರೂ ಕೊಡಿ. ಮುಖ್ತಾರ್‌ನಾಮೆ ಬರೆಸುವುದಾದರೆ ಬಾಡಿಗೆಗೆ ಕೊಡುವುದು, ಕರಾರು ನೋಂದಾಯಿಸುವುದು, ಬಾಡಿಗೆ ವಸೂಲಿ, ಸೊಸೈಟಿಯ ವ್ಯವಹಾರ ಇಷ್ಟಕ್ಕೇ ಸೀಮಿತವಾಗಿರಲಿ. ಮಾರುವ, ಅಡವಿಡುವ ಅಧಿಕಾರ ಅದರಲ್ಲಿ ಸೇರಬಾರದು. ಅಚ್ಚಾದ ನಮೂನೆಗಳಲ್ಲಿ ಅದು ಸಾಲುಗಳ ನಡುವೆ ಬಂದು ಕೂತಿರುತ್ತದೆ. ಸಹಿ ಹಾಕುವ ಮೊದಲು ಕರಡನ್ನು ನಮ್ಮೂರಿನ ವಕೀಲರ ಮುಂದಿಟ್ಟು ಸಾಲು ಸಾಲಾಗಿ ಓದಿಸಿಕೊಳ್ಳಿ.