ಕ್ಷಯದ ಮಾತ್ರೆ, ಇಲಿಯ ಜೀವ ಮತ್ತು ಬೆಂಗಳೂರಿನ ಜೆಲ್

ಕ್ಷಯರೋಗಕ್ಕೆ ಮೊದಲ ಎರಡು ತಿಂಗಳು ಕೊಡುವ ನಾಲ್ಕು ಔಷಧಿಗಳಲ್ಲಿ ಪೈರಾಜಿನಮೈಡ್ ಒಂದು. ರಿಫಾಂಪಿಸಿನ್ ಜೊತೆ ಇದೂ ಸೇರಿದ ಮೇಲೆ ಒಂಬತ್ತು ತಿಂಗಳ ಚಿಕಿತ್ಸೆ ಆರು ತಿಂಗಳಿಗೆ ಇಳಿಯಿತು. ಪ್ರಾಣಿಪ್ರಯೋಗ ಬೇಕು ಎನ್ನುವ ವಾದಕ್ಕೆ ಇದಕ್ಕಿಂತ ಬಲವಾದ ಉದಾಹರಣೆ ಸಿಗುವುದು ಕಷ್ಟ. ಪ್ರಯೋಗಾಲಯದ ಸಾಮಾನ್ಯ ತಟ್ಟೆಯಲ್ಲಿ ಈ ಔಷಧಿ ಕ್ಷಯದ ಬ್ಯಾಕ್ಟೀರಿಯಾದ ಮೇಲೆ ಕೆಲಸವನ್ನೇ ಮಾಡುವುದಿಲ್ಲ. ಅದಕ್ಕೆ ಆಮ್ಲೀಯ ವಾತಾವರಣ ಬೇಕು. 1950ರ ದಶಕದ ಆರಂಭದಲ್ಲಿ ಅದರ ಗುಣ ಗೊತ್ತಾದದ್ದು ಸೋಂಕು ತಗುಲಿಸಿದ ಇಲಿಗಳಿಗೆ ನೇರವಾಗಿ ಕೊಟ್ಟು ನೋಡಿದಾಗ.

ಇಲಿ, ಗಿನಿಪಿಗ್, ಕೋತಿ ಎಲ್ಲವೂ ಪಂಚೇಂದ್ರಿಯ ಜೀವಿಗಳು. ಅವಕ್ಕೆ ಬೇಕೆಂದೇ ರೋಗ ತಗುಲಿಸಿ, ವಾರಗಟ್ಟಲೆ ಔಷಧಿ ಕೊಟ್ಟು, ಕೊನೆಗೆ ಕೊಂದು ಶ್ವಾಸಕೋಶದಲ್ಲಿ ಉಳಿದ ಬ್ಯಾಕ್ಟೀರಿಯಾ ಎಣಿಸುವುದು ಈ ಸಂಶೋಧನೆಯ ಸಾಮಾನ್ಯ ಕ್ರಮ. ಶ್ರಾವಕ ಸಂಕಲ್ಪಿ ಹಿಂಸೆಯನ್ನು ಬಿಡಬೇಕು ಎಂದು ಕಲಿತ ಮನೆಯಲ್ಲಿ ಮಾತ್ರೆ ನುಂಗುವಾಗ ಮನಸ್ಸು ಅಳುಕುವುದು ಸಹಜವೇ. ಆದರೆ ಇಂದು ರೋಗಿ ಮಾತ್ರೆ ಬಿಟ್ಟರೆ ಒಂದು ಇಲಿಯೂ ಉಳಿಯುವುದಿಲ್ಲ. ಔಷಧಿಗೆ ಬಗ್ಗದ ಕ್ಷಯ ಮನೆಮಂದಿಗೆಲ್ಲ ಹರಡಬಹುದು, ಅಷ್ಟೇ. ಪ್ರಶ್ನೆ ಹೋಗಬೇಕಾದದ್ದು ಪ್ರಯೋಗಾಲಯಕ್ಕೆ.

ಇಲಿಯ ಸಾಕ್ಷ್ಯವೂ ಸದಾ ನಂಬಿಕೆಗೆ ಅರ್ಹವಲ್ಲ. ಮಾಕ್ಸಿಫ್ಲಾಕ್ಸಸಿನ್ ಸೇರಿಸಿದರೆ ನಾಲ್ಕು ತಿಂಗಳ ಚಿಕಿತ್ಸೆ ಸಾಕೆಂಬ ಆಸೆ ಹುಟ್ಟಿಸಿದ್ದು ಇಲಿಗಳೇ. 1931 ರೋಗಿಗಳು ಭಾಗವಹಿಸಿದ ರೆಮಾಕ್ಸ್‌-ಟಿಬಿ ಪರೀಕ್ಷೆಯ ಫಲಿತಾಂಶ 2014ರಲ್ಲಿ ಬಂದಾಗ ಅದು ಹಳೆಯ ಆರು ತಿಂಗಳ ಚಿಕಿತ್ಸೆಗೆ ಸಮನಾಗಲಿಲ್ಲ. ಹೆಚ್ಚು ಜನರಲ್ಲಿ ರೋಗ ಮರುಕಳಿಸಿತು. ಮನುಷ್ಯರ ಶ್ವಾಸಕೋಶದಲ್ಲಿ ಆಗುವ, ನಡುವೆ ಸತ್ತು ಗಿಣ್ಣಿನಂತಾಗುವ ಗಂಟುಗಳು ಸಾಮಾನ್ಯ ಪ್ರಯೋಗದ ಇಲಿಗಳಲ್ಲಿ ಕಟ್ಟುವುದಿಲ್ಲ. ಹಾಗೆಂದು ಇಲಿಯ ಪ್ರಯೋಗವೆಲ್ಲ ವ್ಯರ್ಥ ಎಂದರೆ ಅದೂ ಸುಳ್ಳು. ರಿಫಾಪೆಂಟಿನ್ ಸೇರಿದ ನಾಲ್ಕು ತಿಂಗಳ ಚಿಕಿತ್ಸೆ 2021ರಲ್ಲಿ ಗೆದ್ದಿತು. ಅದರ ಹಿಂದೆಯೂ ಇಲಿಗಳಿದ್ದವು.

ಇಲ್ಲಿ ಬೆಂಗಳೂರಿನ ಸುದ್ದಿ ಗಮನಾರ್ಹ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಶ್ವಾಸಕೋಶದ ಒಳಗನ್ನು ಹೋಲುವ ಕೊಲಾಜನ್ ಜೆಲ್ ರೂಪಿಸಿ, ಅದರಲ್ಲಿ ಮಾನವ ಜೀವಕೋಶಗಳಿಗೆ ಕ್ಷಯದ ಸೋಂಕು ತಗುಲಿಸಿದ್ದಾರೆ. ಹಿಂದಿನ ವಿಧಾನಗಳಲ್ಲಿ ನಾಲ್ಕರಿಂದ ಏಳು ದಿನ ಬದುಕುತ್ತಿದ್ದ ಕೋಶಗಳು ಇಲ್ಲಿ ಮೂರು ವಾರ ಉಳಿದವು. ಮೆಲ್ಲಗೆ ಬೆಳೆಯುವ ಈ ಬ್ಯಾಕ್ಟೀರಿಯಾಕ್ಕೆ ಅಷ್ಟು ಕಾಲ ಬೇಕೇ ಬೇಕು. ಅವರು ಪರೀಕ್ಷಿಸಿದ ಔಷಧಿ ಅದೇ ಪೈರಾಜಿನಮೈಡ್. ಮಿಲಿಲೀಟರಿಗೆ ಬರೀ 10 ಮೈಕ್ರೋಗ್ರಾಂ ಸಾಕಾಯಿತು. ಹಿಂದೆ ಪ್ರಯೋಗಾಲಯಗಳಲ್ಲಿ, ರೋಗಿಯ ದೇಹದಲ್ಲಿ ಇರುವುದಕ್ಕಿಂತ ಎಷ್ಟೋ ಹೆಚ್ಚು ಹಾಕಬೇಕಾಗುತ್ತಿತ್ತು. ಯಾವ ಔಷಧಿಯ ಗುಣವನ್ನು ಇಲಿಯೇ ತೋರಿಸಬೇಕಾಗಿತ್ತೋ, ಅದನ್ನು ಜೆಲ್ ತೋರಿಸಿದೆ.

ಇದು ಪೂರ್ಣ ಅಹಿಂಸೆಯ ದಾರಿ ಎನ್ನಲಾಗದು. ಕೊಲಾಜನ್ ಸಾಮಾನ್ಯವಾಗಿ ಬರುವುದು ಪ್ರಾಣಿಗಳ ಚರ್ಮ, ಸ್ನಾಯುರಜ್ಜುಗಳಿಂದ. ಔಷಧಿ ಯಕೃತ್ತಿಗೆ ಏನು ಮಾಡುತ್ತದೆ, ಲಸಿಕೆ ಇಡೀ ದೇಹವನ್ನು ಹೇಗೆ ಎಚ್ಚರಿಸುತ್ತದೆ ಎಂಬುದನ್ನು ಶ್ವಾಸಕೋಶದ ಜೆಲ್ ಒಂದೇ ಹೇಳಲಾರದು.

ಕಾನೂನಿನ ಬಾಗಿಲಂತೂ ತೆರೆದಿದೆ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಔಷಧಿ ಪರೀಕ್ಷಾ ನಿಯಮಗಳನ್ನು ತಿದ್ದಿ, ಪ್ರಾಣಿಗಳನ್ನು ಬಳಸದ ವಿಧಾನಗಳಿಗೂ ಮಾನ್ಯತೆ ಕೊಟ್ಟಿತು. ಇದು ಅವಕಾಶ ಮಾತ್ರ, ಕಡ್ಡಾಯವಲ್ಲ. ಜೆಲ್ ಇಲಿಯ ಜಾಗಕ್ಕೆ ಬರಬೇಕಾದರೆ ಈಗಾಗಲೇ ಗೊತ್ತಿರುವ ಔಷಧಿಗಳನ್ನು ಒಂದೊಂದಾಗಿ ಅದರಲ್ಲಿ ಪರೀಕ್ಷಿಸಿ, ರೋಗಿಗಳಲ್ಲಿ ಕಂಡ ಫಲಿತಾಂಶದ ಜೊತೆ ಹೋಲಿಸಿ ತೋರಿಸಬೇಕು. ಅದಕ್ಕೆ ಹಣ ಬೇಕು, ವರ್ಷಗಳೂ ಬೇಕು. ಭೈಷಜ್ಯದಾನಕ್ಕೆಂದು ನಿಧಿ ತೆಗೆದಿಡುವ ಸಮಾಜದ ಟ್ರಸ್ಟ್‌ಗಳು ಆಸ್ಪತ್ರೆಯ ಹಾಸಿಗೆಗಳ ಜೊತೆಗೆ ಇಂಥ ಪ್ರಯೋಗಾಲಯಗಳ ಕಡೆಗೂ ಒಮ್ಮೆ ನೋಡಬಹುದು.