ಔಷಧಕ್ಕೆ ಬಗ್ಗದ ಏಡಿಗಂತಿ

ಗುಂಡ್ಲುಪೇಟೆಯ ಕಡೆಯ ಸೋದರಿಯೊಬ್ಬರು ನಮಗೆ ಕಾಗದ ಬರೆದಿರುವರು. ಅವರ ಅತ್ತೆಯವರಿಗೆ ಏಡಿಗಂತಿ, ಎಂದರೆ ಕ್ಯಾನ್ಸರ್ ವ್ಯಾಧಿ. ಮೊದಲು ಕೊಟ್ಟ ಔಷಧದಿಂದ ಗಂತಿಯು ಮಂಜಿನಂತೆ ಕರಗಿತು. ವರ್ಷ ತುಂಬುವುದರೊಳಗಾಗಿ ಮರಳಿತು. ಈ ಸಲ ಅದೇ ಔಷಧವು ಏನನ್ನೂ ಮಾಡಲಿಲ್ಲ. ಪಥ್ಯದಲ್ಲಿ ತಾವೇ ತಪ್ಪಿದೆವೇನೋ ಎಂದು ಸೊಸೆಯು ಕೊರಗುತ್ತಿರುವರು. ತಪ್ಪು ಅವರದಲ್ಲ. ಇದನ್ನು ಮೊದಲೇ ಹೇಳಿಬಿಟ್ಟು ಕಾರಣವನ್ನು ವಿಚಾರಿಸುವೆವು.

ಚಾಮರಾಜನಗರದ ಸೀಮೆಯಲ್ಲಿ ಅರಿಸಿನ ಬೆಳೆಯುವವರಿಗೆ ಕಳೆಯ ಕಾಟವು ತಿಳಿಯದುದಲ್ಲ. ಕಳೆನಾಶಕವನ್ನು ಸಿಂಪಡಿಸಿದರೆ ಬಹುಪಾಲು ಒಣಗುವುದು. ಅದನ್ನು ತಾಳಿಕೊಳ್ಳಬಲ್ಲ ನಾಲ್ಕು ಗಿಡಗಳು ಉಳಿದರೆ, ಮುಂದಿನ ಬೀಜವೆಲ್ಲ ಅವುಗಳದೇ. ಗಂತಿಯೊಳಗೂ ಹೀಗೆಯೇ. ಕಡಲೆಕಾಳಿನಷ್ಟು ಗಂತಿಯಲ್ಲಿಯೂ ಕೋಟಿಗಟ್ಟಲೆ ಜೀವಕೋಶಗಳಿರುವುವು. ಒಡೆದೊಡೆದು ಹೆಚ್ಚುವಾಗ ಅವುಗಳ ಸ್ವಭಾವವು ಅಲ್ಲಲ್ಲಿ ಬದಲಾಗುವುದು. ಔಷಧವು ಬರುವ ಮೊದಲೇ ಅದಕ್ಕೆ ಬಗ್ಗದ ಕೆಲವು ಕೋಶಗಳು ಅಲ್ಲಿ ಅಡಗಿರಬಹುದು.

ಅವು ಉಳಿಯುವ ಉಪಾಯವೇನು? ನಮ್ಮ ಅಂಗಳಗಳಲ್ಲಿ ಅರಳುವ ನಿತ್ಯಪುಷ್ಪವನ್ನು ವಾಚಕರು ಬಲ್ಲರು. ಅದರಿಂದ ತೆಗೆದ ವಿನ್‌ಕ್ರಿಸ್ಟೀನ್ ಎಂಬ ಔಷಧವು 1963ರಿಂದ ಮಕ್ಕಳ ರಕ್ತದ ಕ್ಯಾನ್ಸರಿಗೆ ದೊಡ್ಡ ಆಸರೆಯಾಗಿದೆ. (ಹಾಗೆಂದು ಯಾರೂ ಎಲೆ ಕಿತ್ತು ಕಷಾಯ ಮಾಡಬಾರದು, ಅದು ವಿಷ.) ಈ ಔಷಧವು ಒಳಹೊಕ್ಕೊಡನೆ ಕೆಲವು ಕೋಶಗಳು ಏತದಿಂದ ನೀರೆತ್ತಿ ಸುರಿಯುವಂತೆ ಅದನ್ನು ಹೊರಕ್ಕೆ ಚೆಲ್ಲುವುವು. 1976ರಲ್ಲಿ ಜೂಲಿಯಾನೋ ಮತ್ತು ಲಿಂಗ್ ಎಂಬವರು ಕೋಶದ ಪೊರೆಯಲ್ಲಿ ಪಿ-ಗ್ಲೈಕೋಪ್ರೋಟೀನ್ ಎಂಬ ಈ ಏತವನ್ನು ಗುರುತಿಸಿದರು. ಒಂದೇ ಏತವು ಬೇರೆ ಬೇರೆ ಜಾತಿಯ ಔಷಧಗಳನ್ನೂ ಎತ್ತಿ ಹಾಕಬಲ್ಲದೆಂಬುದೇ ಸಂಕಟ. ಏತವನ್ನೇ ಕಟ್ಟಿಹಾಕುವ ಔಷಧಗಳನ್ನು ಪರೀಕ್ಷಿಸಿದರು. ಪ್ರಯೋಗಶಾಲೆಯಲ್ಲಿ ತೋರಿದ ಗುಣವು ರೋಗಿಗಳಲ್ಲಿ ಕಾಣಲಿಲ್ಲ.

ಇನ್ನೊಂದು ಉಪಾಯ. ಮೆಥೋಟ್ರೆಕ್ಸೇಟ್ ಎಂಬುದು ಕೋಶಕ್ಕೆ ಬೇಕಾದ ಒಂದು ಕಿಣ್ವವನ್ನು ತಡೆಯುವುದು. ಕೋಶವು ಆ ಕಿಣ್ವದ ವಂಶವಾಹಿಯನ್ನೇ ಪ್ರತಿಮಾಡಿಕೊಂಡು ಕಿಣ್ವವನ್ನು ಮಿತಿಮೀರಿ ತಯಾರಿಸುವುದೆಂದು 1978ರಲ್ಲಿ ಶಿಮ್ಕೆಯವರು ತೋರಿಸಿದರು. ಹತ್ತು ಎಲೆಗೆಂದು ಮಾಡಿದ ಅಡಿಗೆಯು ನೂರು ಎಲೆಗೆ ಸಾಲೀತೆ?

ಆದುದರಿಂದಲೇ ವೈದ್ಯರು ಹಲವು ಔಷಧಗಳನ್ನು ಕೂಡಿಸಿ ಕೊಡುವರು. 1960ರ ದಶಕದಲ್ಲಿ ಅಮೆರಿಕದ ಫ್ರೈ ಮತ್ತು ಫ್ರೈರೈಕ್ ಅವರು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ನಾಲ್ಕು ಔಷಧಗಳನ್ನು ಒಟ್ಟಿಗೆ ಕೊಟ್ಟರು. ಒಂದರಿಂದ ತಪ್ಪಿಸಿಕೊಂಡುದು ಮತ್ತೊಂದಕ್ಕೆ ಸಿಕ್ಕೀತೆಂಬ ಲೆಕ್ಕ.

ಅರಿಸಿನವನ್ನು ಹೆಚ್ಚಾಗಿ ಕೊಡಬಹುದೇ ಎಂದೂ ಸೋದರಿಯವರು ಕೇಳಿರುವರು. ಸಾರಿಗೆ ಹಾಕುವಷ್ಟು ಹಾಕಲಿ. ಅರಿಸಿನದ ಸತ್ವವು ಗಾಜಿನ ಬಟ್ಟಲಿನಲ್ಲಿ ಕ್ಯಾನ್ಸರ್ ಕೋಶಗಳನ್ನು ಹಿಮ್ಮೆಟ್ಟಿಸಿದುದುಂಟು. ಆದರೆ ಹೊಟ್ಟೆಗೆ ತೆಗೆದುಕೊಂಡರೆ ರಕ್ತಕ್ಕೆ ಸೇರುವುದು ಅತ್ಯಲ್ಪ. ಸತ್ವದ ಗುಳಿಗೆಗಳನ್ನಂತೂ ವೈದ್ಯರನ್ನು ಕೇಳದೆ ಕೊಡಲಾಗದು. ಔಷಧದ ಕೆಲಸಕ್ಕೆ ಅವು ಅಡ್ಡಬರಬಹುದು.

ಈಗ ಮಾಡತಕ್ಕದ್ದು ಇಷ್ಟು. ಹಿಂದಿನ ಚೀಟಿಗಳನ್ನೆಲ್ಲ, ಔಷಧದ ಹೆಸರು, ಪ್ರಮಾಣ, ತಾರೀಖುಗಳ ಸಹಿತ ಒಂದು ಚೀಲದಲ್ಲಿಟ್ಟು, ಅತ್ತೆಯವರನ್ನು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕ್ಯಾನ್ಸರ್ ಆಸ್ಪತ್ರೆಗೆ ಕರೆದೊಯ್ಯಬೇಕು. ಬೇರೆ ಬಗೆಯ ಔಷಧವುಂಟೇ, ಗಂತಿಯ ತುಣುಕನ್ನು ಮತ್ತೆ ಪರೀಕ್ಷಿಸಬೇಕೇ, ಇಲ್ಲವೇ ನೋವಿನ ಶಮನವೇ ಮುಖ್ಯವೇ ಎಂದು ಅಲ್ಲಿ ನೇರವಾಗಿ ಕೇಳಲಿ. ಅತ್ತೆಯವರೂ ಆ ಮಾತಿನ ವೇಳೆ ಜೊತೆಯಲ್ಲಿರಲಿ, ದೇಹವು ಅವರದಷ್ಟೆ.