ನೆಲ ಡೊಂಕೋ, ಕೈ ಡೊಂಕೋ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತರಗತಿಯಲ್ಲಿ ಈ ಗಾದೆಯನ್ನು ನಾವು ಎಷ್ಟು ಸಲ ಹೇಳಿಲ್ಲ! ಕಳೆದ ಬೇಸಗೆ ರಜೆಯಲ್ಲಿ ಅದು ನಮಗೇ ತಿರುಗಿತು.

ಕಾಸರಗೋಡಿನ ನಮ್ಮ ಕನ್ನಡ ಶಾಲೆಯ ವಾಚನಾಲಯಕ್ಕೆ ಕಪಾಟು ಬೇಕಿತ್ತು. ಮರದ ಕೆಲಸ ಮಾಡುವ ಹಳೆ ವಿದ್ಯಾರ್ಥಿಯೊಬ್ಬ ಕೂಲಿ ಬೇಡವೆಂದು ಬಂದ. ಪ್ಲೈವುಡ್ಡಿಗೆ ರಕ್ಷಕ-ಶಿಕ್ಷಕ ಸಂಘ ಹಣ ಕೊಟ್ಟಿತು. ಅವನಲ್ಲಿ ಟ್ರ್ಯಾಕ್ ಸಾ ಇತ್ತು, ಅಂದರೆ ಅಲ್ಯೂಮಿನಿಯಂ ರೈಲಿನ ಮೇಲೆ ಜಾರಿಕೊಂಡು ಹೋಗುವ ಕರೆಂಟಿನ ಗರಗಸ. ರೈಲಿನ ಅಂಚನ್ನು ಗುರುತಿಗೆ ಸರಿಯಾಗಿ ಇಟ್ಟರೆ ಅಲ್ಲೇ ಕೊಯ್ಯಬೇಕು. ಆದರೆ ಹಲಗೆಗಳು ಕಪಾಟಿನೊಳಗೆ ಕೂರಲೇ ಇಲ್ಲ. "ಅಳತೆ ಸರಿಯಾಗಿ ತೆಗೆದಿಯೇನೋ?" ಎಂದು ನಾವು ಗದರಿದೆವು. ಅವನು ಗಾಬರಿಯಲ್ಲಿ ರೈಲನ್ನು ಅಂದಾಜಿಗೆ ಸರಿಸಿ ಕೊಯ್ದ. ಎರಡು ಹಲಗೆ ಗಿಡ್ಡವಾಗಿ ಹಾಳಾದವು.

ಆಮೇಲೆ ಕೂತು ಅಳೆದೆವು. ಮೊದಲು ಕೊಯ್ದ ಪ್ರತಿ ಹಲಗೆಯೂ ಎರಡೂ ತುದಿಯಲ್ಲಿ 2 ಮಿ.ಮೀ. ಹೆಚ್ಚು! ಕೈತಪ್ಪಾಗಿದ್ದರೆ ಒಂದೊಂದು ಒಂದೊಂದು ರೀತಿ ಇರಬೇಕಿತ್ತು. ವಿಚಾರಿಸಿದರೆ ರೈಲು ಎರವಲು ತಂದದ್ದು. ಅದರ ಅಂಚಿನ ರಬ್ಬರ್ ಪಟ್ಟಿ ಬೇರೆ ಗರಗಸಕ್ಕೆ ತಕ್ಕಂತೆ ಕತ್ತರಿಸಿದ್ದು. ಇವನ ಬ್ಲೇಡ್ ಅದರಿಂದ 2 ಮಿ.ಮೀ. ಆಚೆ ಓಡುತ್ತಿತ್ತು. ಹೊಸ ಪಟ್ಟಿ ಅಂಟಿಸಿ, ಇವನದೇ ಗರಗಸವನ್ನು ಓಡಿಸಿ ಪಟ್ಟಿಯ ಅಂಚು ಕತ್ತರಿಸಿದ ಮೇಲೆ ಅಳತೆ ಸರಿಬಂತು.

ತಪ್ಪನ್ನು ಹೀಗೆ ವಿಂಗಡಿಸಿ ನೋಡಬೇಕು. ಎಲ್ಲ ಕಡೆ ಒಂದೇ ವ್ಯತ್ಯಾಸವಿದ್ದರೆ ಪಟ್ಟಿಯನ್ನು ನೋಡಿ; ರೈಲನ್ನು ಗುರುತಿನ ಯಾವ ಬದಿಗೆ ಇಟ್ಟಿರಿ ಎಂದೂ ನೋಡಿ, ಬ್ಲೇಡಿನ ದಪ್ಪದಷ್ಟು ಮರ ಹುಡಿಯಾಗಿ ಹೋಗುತ್ತದೆ. ಒಂದು ತುದಿ ಮಾತ್ರ ತಪ್ಪಿದರೆ ರೈಲು ಓರೆಯಾಗಿ ಕೂತಿದೆ, ಇಲ್ಲವೇ ಅಡಿಯ ಹುಡಿಯಿಂದ ಜಾರಿದೆ. ಒರೆಸಿ ಕ್ಲ್ಯಾಂಪ್ ಬಿಗಿಯಿರಿ. ಅಂಚು ಅಲೆಅಲೆಯಾದರೆ ಗರಗಸ ರೈಲಿನ ಮೇಲೆ ಅಲುಗಾಡುತ್ತಿರಬಹುದು. ಅಂಚು ಸುಟ್ಟು ಕಪ್ಪಾದರೆ ಬ್ಲೇಡ್ ಮೊಂಡಾಗಿರಬಹುದು, ಅಥವಾ ರೈಲಿಗೆ ಸಮಾಂತರವಾಗಿಲ್ಲದಿರಬಹುದು. ಗರಗಸವನ್ನು ಮುಟ್ಟಿ ನೋಡುವ ಮೊದಲು ಪ್ಲಗ್ ತೆಗೆಯಲೇಬೇಕು. ರೈಲೇ ಬಾಗಿದೆಯೆಂಬ ಸಂಶಯವೇ? ಅದರ ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ರೈಲನ್ನು ತಿರುಗಿಸಿ ಗೆರೆಯ ಆಚೆ ಬದಿಗಿಟ್ಟು, ಅದೇ ಅಂಚಿನಲ್ಲಿ ಮತ್ತೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಡುವೆ ಸಂದು ಕಂಡರೆ ನೆಲವೇ ಡೊಂಕು!

ಹಲಗೆಯ ಮೂಲೆ ನೇರವಾಗಿದೆಯೇ ಎಂದು ನೋಡಲು ನಮ್ಮ ಗಣಿತ ಪುಸ್ತಕವೇ ಸಾಕು. ಎದುರು ಬದಿಗಳು ಸಮವಿರಬೇಕು, ಕರ್ಣಗಳೂ ಸಮವಿರಬೇಕು. 2440 × 1220 ಮಿ.ಮೀ. ಹಲಗೆಗೆ ಕರ್ಣ 2728 ಮಿ.ಮೀ. ಪೈಥಾಗೊರಸ್ ಪ್ರಮೇಯವನ್ನು ಕರಿಹಲಗೆಯಲ್ಲಷ್ಟೇ ಬಿಡದೆ ಹೀಗೆ ಅಳೆದು ತೋರಿಸಿದರೆ ಮಕ್ಕಳು ಮರೆಯುವುದಿಲ್ಲ.

ಅಧ್ಯಾಪಕ ಮಿತ್ರರೇ, ಉತ್ತರ ಪತ್ರಿಕೆ ತಿದ್ದುವಾಗ ನಾವು ಮಾಡುವುದೇನು? 52ರಿಂದ 38 ಕಳೆದು 26, 71ರಿಂದ 45 ಕಳೆದು 34 ಎಂದು ಬರೆದ ಮಗುವಿಗೆ ಎರಡು ಕೆಂಪು ಗೀಟು ಎಳೆದು ಮುಂದೆ ಹೋಗುತ್ತೇವೆ. ಅದು ಎರಡು ತಪ್ಪಲ್ಲ, ಒಂದೇ ತಪ್ಪು. ಮೇಲಿರಲಿ ಕೆಳಗಿರಲಿ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುತ್ತಿದೆ ಮಗು. ದಶಕ ಬಿಡಿಸಿ ತರುವುದನ್ನು ಒಮ್ಮೆ ಕಡ್ಡಿಗಳಲ್ಲಿ ತೋರಿಸಿದರೆ ದಾರಿಗೆ ಬಂದೀತು. ಅದು ಬಿಟ್ಟು ದಡ್ಡ ಅಂದರೆ, ಗಾಬರಿಯಲ್ಲಿ ಅಂದಾಜಿಗೆ ಬರೆಯತೊಡಗುತ್ತದೆ. ಆಮೇಲೆ ಹಲಗೆ ಗಿಡ್ಡವಾಗುತ್ತದೆ.

ಕಪಾಟು ನಿಂತ ದಿನ ಆ ಹುಡುಗನಿಗೆ "ತಪ್ಪು ನಮ್ಮದೇ ಮಾರಾಯ" ಎಂದೆವು. ಅವನು ನಕ್ಕ. ತರಗತಿಯಲ್ಲಿ ಹಾಗೆ ಹೇಳುವುದು ಇನ್ನೂ ಬಾಕಿ ಇದೆ.